ಮಾದರಿ ಸಂಖ್ಯೆ ನಾಲ್ಕು

ಅಳಿವೆಯ ಬಾಯಲ್ಲಿ ಅಂದುಂಞಿಯ ಬೀಸುಬಲೆ
ಬೆಳಗಿನ ಐದೂವರೆಗೆ ಬಿತ್ತು.
ಮಾಲ ಎಂದೆ ನಾನು, ಮಾಲಾನ್ ಎಂದ ಅವನು;
ಮೀನು ಎರಡಕ್ಕೂ ಬಾಯಿ ತೆರೆಯಿತು.
ಐಸಿನ ಡಬ್ಬಿಯ ಮೇಲೆ ಬರೆದದ್ದು:
ಮಾದರಿ ನಾಲ್ಕು, ಕೊಯಿಪ್ಪಾಡಿ, ಇಳಿತ.

ಅಮ್ಮ ಮೀನನ್ನು ಓದುವುದು ಕಿವಿರು ಎತ್ತಿ.
ಕೆಂಪಿದ್ದರೆ ಇವತ್ತಿನದು, ಕಂದಿದ್ದರೆ ನಿನ್ನೆಯದು,
ಅದಕ್ಕಿಂತ ಹಿಂದಿನದು ಅವಳ ಬುಟ್ಟಿಗೇ ಬೀಳುವುದಿಲ್ಲ.
ನಲವತ್ತು ವರ್ಷ ಕುಂಬಳೆ ಪೇಟೆಯಲ್ಲಿ
ವಾರಿಜಕ್ಕನ ಮೀನನ್ನು ಮೂಸಿ ನೋಡಿದವರಿಲ್ಲ.
ಈ ನಾಲ್ಕನೆಯದನ್ನೂ ತೋರಿಸಿದ್ದೆ.
"ಹೂವಿನ ಹಾಗೆ ಉಂಟು, ಸುಮ್ಮನೆ ಹಾಳು ಮಾಡ್ಲಿಕ್ಕೆ ಕೊಂಡುಹೋಗ್ತೀ."

ನಾನು ಓದುವುದು ಕರುಳಿನಿಂದ.
ಸ್ಪಿರಿಟ್ಟಿನಲ್ಲಿ ಅದ್ದಿ ಸುಟ್ಟ ಕತ್ತರಿ, ಒಂದು ಗ್ರಾಮು ಕರುಳು,
ಅರೆದು, ಹತ್ತಕ್ಕೆ ಒಂದು, ನೂರಕ್ಕೆ ಒಂದು, ಸಾವಿರಕ್ಕೆ ಒಂದು,
ನೆಂಟರು ಹೆಚ್ಚಾದಾಗ ಸಾರಿಗೆ ನೀರು ಹೊಯ್ದ ಹಾಗೆ.
ನೇರಳೆ ಹಣ್ಣಿನ ಬಣ್ಣದ ಅಗಾರಿನ ಮೇಲೆ ಹರಡಿ
ತಟ್ಟೆಯನ್ನು ಬೋರಲು ಮಾಡಿ
ಪೆಟ್ಟಿಗೆಯೊಳಗಿಟ್ಟೆ. ಮೂವತ್ತೇಳು ಡಿಗ್ರಿ.

ಮೂವತ್ತೇಳು ಎಂದರೆ ನನ್ನ ಕಂಕುಳ ಬಿಸಿ.
ಮೀನಿಗೆ ಅದು ಗೊತ್ತೇ ಇಲ್ಲ,
ನೀರಿದ್ದ ಹಾಗೆ ಅದರ ನೆತ್ತರು.
ಈ ಬಿಸಿ ಬೇಡುವ ಜೀವ
ಮೀನಿನ ಮನೆಯದ್ದಲ್ಲ,
ನಮ್ಮ ಹೊಟ್ಟೆಯಿಂದಲೋ ನಮ್ಮ ಹಟ್ಟಿಯಿಂದಲೋ ಹೊರಟದ್ದು.

ಮರುದಿನ ಮುಚ್ಚಳ ತೆಗೆಯುವ ಮೊದಲೇ ಕಂಡಿತು:
ಒಗ್ಗರಣೆ ಸಿಡಿದಂತೆ ಸಾಸಿವೆ ಸಾಸಿವೆ ಚುಕ್ಕಿ,
ಓರೆ ಹಿಡಿದರೆ ಹಸಿರು ಹೊಳಪು,
ಆಗ ತಾನೇ ದೋಣಿಗೆ ಬಿದ್ದ ಬಂಗುಡೆಯ ಬೆನ್ನಿನದೇ.
ಚಂದ, ಎಂದುಬಿಟ್ಟೆ ಗಟ್ಟಿಯಾಗಿ.
ಆಮೇಲೆ ಎಣಿಸಲು ಕೂತೆ.
ಇನ್ನೂರ ಎಂಬತ್ತು ದಾಟಿದ ಮೇಲೆ ಲೆಕ್ಕ ತಪ್ಪಿತು.

ನಕ್ಷೆಯಲ್ಲಿ ನಾಲ್ಕರ ಗುರುತು
ಐಸು ಕಾರ್ಖಾನೆಯ ಓಣಿ ದಾಟಿ, ಕಡವಿನಿಂದ ಕೆಳಗೆ.
ಅಲ್ಲಿ ಹದಿಮೂರು ಮನೆ. ಹನ್ನೊಂದನೆಯದು ನಮ್ಮದು.
ಮೊದಲ ಸ್ಟೈಪೆಂಡಿನಲ್ಲಿ ಅಮ್ಮನಿಗೆ ಕಕ್ಕಸು ಕಟ್ಟಿಸಿದ್ದೆ,
ನೀಲಿ ಬಾಗಿಲು, ಒಳಗೊಂದು ಬಲ್ಬು.
ಕತ್ತಲೆಗೆ ಕಾಯುವುದು ಮುಗಿಯಿತೆಂದು
ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದ್ದಳು ಅವಳು.
ಗುಂಡಿ ತೋಡುವವನು ಮೂರಡಿಗೇ ನಿಂತಿದ್ದ:
"ನೀರು ಬಂತು. ಇನ್ನು ಹೊಯ್ಗೆ ನಿಲ್ಲುವುದಿಲ್ಲ."
ಸಾಕು ಎಂದವಳು ನಾನೇ.
ಭರತದಲ್ಲಿ ಕಡಲು ಆ ಗುಂಡಿಗೆ ಬಂದು ಹೋಗುತ್ತದೆ,
ಬಾಗಿಲು ತಟ್ಟದೆ.

ವರದಿಯಲ್ಲಿ ಒಂದು ಕಾಲಂ ಉಂಟು: ಸಂಭಾವ್ಯ ಮೂಲ.
ಹೋಟೆಲುಗಳ ತೋಡು ಬರೆದೆ, ಪೇಟೆಯ ಚರಂಡಿ ಬರೆದೆ.
ಸುಳ್ಳಲ್ಲ ಯಾವುದೂ.
ಇನ್ನೂ ಎರಡು ಗೆರೆಗೆ ಜಾಗ ಉಳಿದಿತ್ತು.

ರಾತ್ರಿ ಅಮ್ಮ ಕೇಳಿದಳು,
"ಎಂತ ಸಿಕ್ಕಿತು ನಿನ್ನ ಮೀನಿನ ಹೊಟ್ಟೆಯಲ್ಲಿ?"
ಹೇಳಿದೆ, ನೀಲಿ ಬಾಗಿಲಿನದ್ದೊಂದು ಬಿಟ್ಟು.
"ಕುದಿಸಿದರೆ ಸಾಯ್ತದಲ್ವಾ?"
ಸಾಯ್ತದೆ ಎಂದೆ.
ಅವಳು ಸಾರಿನ ಅಳಗೆಯ ಅಡಿಗೆ
ಇನ್ನೊಂದು ಕೊತ್ತಳಿಂಗೆ ನೂಕಿದಳು.