ಮೂರನೇ ಕೈ

ಹೊರಡುವ ಹಿಂದಿನ ರಾತ್ರಿ ಅವಳ ಹಿಮ್ಮಡಿಗೆ ಸಿಬಿರು ಹೊಕ್ಕಿತು.
ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಸೂಜಿಯಲ್ಲಿ ಕೆದಕುತ್ತಿದ್ದೆ.
"ಈ ನೆಲವೂ ನಿನ್ನ ಹಾಗೇ ಪೂಣಚ್ಚ,
ದೂರದಿಂದ ನುಣುಪು," ಎಂದಳು. ನಗಲಿಲ್ಲ.
ಬೆಳಿಗ್ಗೆ ಕುಂಟುತ್ತ ಬಸ್ಸು ಹತ್ತಿದಳು ದೇಚಮ್ಮ,
ಕೊರಳಲ್ಲಿ ಸೀಟಿ,
ಭೋಪಾಲದಲ್ಲಿ ಹುಡುಗಿಯರ ಹಾಕಿಗೆ ಅಂಪೈರು.

ಪೊನ್ನಂಪೇಟೆಯ ಅಂಚೆ ಕಚೇರಿಗೆ ಒಂಬತ್ತು ದಿನ ರಜೆ ಬರೆದೆ.
ಕಾರಣ: ಸ್ವಂತ ಕೆಲಸ.

ಗೋಣಿಕೊಪ್ಪದ ಮೊಯ್ದು ಮೇಸ್ತ್ರಿ ಯಂತ್ರ ಕೊಟ್ಟ ಬಾಡಿಗೆಗೆ,
ಬುದ್ಧಿ ಪುಕ್ಕಟೆ:
"ಹೊನ್ನೆ ಇದು. ಎಳೆ ಹೋದತ್ತ ಹೋಗಿ.
ಅದರ ಮಾತಿಗೆ ಅಡ್ಡಬಾಯಿ ಹಾಕಿದರೆ
ಹತ್ತು ವರ್ಷ ನೆನಪಿಟ್ಟುಕೊಳ್ಳುತ್ತದೆ."

ಮೊದಲ ದಿನ ಬರೀ ಹಳೆಯ ಪಾಲಿಶು,
ಬೆಲ್ಲದ ಪಾಕದ ಹಾಗೆ ಉಪ್ಪು ಕಾಗದಕ್ಕೆ ಮೆತ್ತಿತು.
ಮಾರನೇ ದಿನ ಮರ ಬಂತು.
ಮೂಗಿನಲ್ಲಿ, ಅನ್ನದಲ್ಲಿ, ಗಡಿಯಾರದ ಗಾಜಿನ ಮೇಲೆ ಹೊನ್ನೆಯ ಹುಡಿ.
ಟವೆಲು ಹಿಂಡಿದ ನೀರು ಹಳದಿಯಾಗಿ ಚರಂಡಿಗೆ ಹರಿದಾಗ
ಬೇಲಿಯಾಚೆಯಿಂದ ಚೋಂದವ್ವ:
"ನಿಮ್ಮಲ್ಲಿ ಯಾರಿಗೆ ಕಾಮಾಲೆ?"

ರಾತ್ರಿ ಫೋನು.
"ಇವತ್ತು ಒಂದು ಗೋಲು ರದ್ದು ಮಾಡಿದೆ. ಕೋಚು ಹಲ್ಲು ಕಡಿದ.
ಅದೆಂತ ಸದ್ದು ಅಲ್ಲಿ?"
"ಪಕ್ಕದವರ ಪಲ್ಪರು, ಕಾಫಿ ಹಣ್ಣು ತಿರುವುತ್ತಿದ್ದಾರೆ."
"ಈ ಹೊತ್ತಿನಲ್ಲಾ?"
"ಈ ವರ್ಷ ಫಸಲು ಜೋರು."
ಕಾಲು ಹೇಗಿದೆ ಎಂದು ಕೇಳಬೇಕಿತ್ತು.
ಯಂತ್ರ ಆರಿಸುವಷ್ಟರಲ್ಲಿ ಅವಳು ಇಟ್ಟಿದ್ದಳು.

ಕಿಟಕಿಯಿಂದ ಬೀರುವಿನವರೆಗೆ ಎರಡು ಸಾಲು ಗೀರು.
ಹಿಂದಕ್ಕೆ ಓಡುವ ಅಭ್ಯಾಸ ಅವಳದು:
ಅಂಪೈರು ಚೆಂಡಿಗೆ ಬೆನ್ನು ಕೊಡಬಾರದಂತೆ.
ಹದಿನಾರು ವರ್ಷ ಈ ಕೋಣೆಯಲ್ಲಿ
ನನ್ನತ್ತ ಮುಖ ಮಾಡಿಕೊಂಡೇ ದೂರ ಹೋಗಿದ್ದಾಳೆ.
ಕಾಗದ ಬದಲಿಸಿ, ಮಂಡಿಯೂರಿ, ಕೈಯಲ್ಲೇ ಉಜ್ಜಿದೆ.
ಅಳಿಯಿತು.
ಅಳಿಯಲಿ. ಬಂದು ಬೇರೆ ಎಳೆಯಲಿ.

ಮೊದಲನೇ ಕೈಯನ್ನು ಮರವೇ ಕುಡಿಯಿತು.
ಎರಡನೆಯದರಲ್ಲಿ ಕಿಟಕಿ ಕಂಡಿತು, ಕಂಬಿ ಸಮೇತ.
ಮೂರನೆಯದಕ್ಕೆ ಎಂಟನೇ ದಿನ ಮಧ್ಯಾಹ್ನ ಕುಳಿತೆ.
ಬ್ರಷ್ಷು ಮುಂದೆ, ನಾನು ಹಿಂದೆ ಹಿಂದೆ,
ಎಳೆ ಹೋದತ್ತ, ಮೊಯ್ದು ಹೇಳಿದ ಹಾಗೆ;
ಬೆನ್ನಿಗೆ ಗೋಡೆ ತಗುಲಿದಾಗ ತಲೆಯೆತ್ತಿದರೆ
ನಾನು ಕಿಟಕಿಯ ಮೂಲೆಯಲ್ಲಿ,
ಬಾಗಿಲು ಆ ಕಡೆ,
ನಡುವೆ ಹನ್ನೊಂದಡಿ ಹಸಿ ಹೊಳಪು.
ಇಪ್ಪತ್ತು ವರ್ಷ ಜನರ ವಿಳಾಸದ ತಪ್ಪು ತಿದ್ದಿದವನು!

ಆಗ ಗೇಟಿನ ಬಳಿ ಸೀಟಿ.
ನಾಳೆ ಬರಬೇಕಾದವಳು. ಸೆಮಿಫೈನಲ್ಲಿಗೇ ಬಿಡುಗಡೆಯಂತೆ,
ಆ ರದ್ದಾದ ಗೋಲು ಮೇಲಿನವರ ತನಕ ಹೋಯಿತಂತೆ.
ಅದೆಲ್ಲ ಆಮೇಲೆ ಹೇಳಿದ್ದು.
"ಒಳಗೆ ಬರಬೇಡ!" ಎಂದು ಕಿರುಚಿದೆ ನಾನು,
ಎಂಟು ದಿನದ ಮೇಲೆ ಹೆಂಡತಿಗೆ ಆಡಿದ ಮೊದಲ ಮಾತು.

ಹೊಸ್ತಿಲಲ್ಲಿ ನಿಂತಳು. ನೆಲ ನೋಡಿದಳು, ನನ್ನನ್ನು ನೋಡಿದಳು,
ಹಳದಿ ಹುಬ್ಬು, ಹಳದಿ ಮೀಸೆ.
ಜೇಬಿನಿಂದ ಹಳದಿ ಕಾರ್ಡು ತೆಗೆದು ಮೇಲಕ್ಕೆತ್ತಿದಳು:
"ಐದು ನಿಮಿಷ ಆಚೆ."
"ಐದಲ್ಲ, ಆರು ಗಂಟೆ ಬೇಕು ಒಣಗಲು."

ಚೀಲ ಇಳಿಸಿ ಅಲ್ಲೇ ಹೊರಗೆ ಕುಳಿತಳು.
ಶೂ ಬಿಚ್ಚಿ ಹಿಮ್ಮಡಿ ತೋರಿಸಿದಳು, ಕೇಳದೆಯೇ.
ವಾಸಿಯಾಗಿತ್ತು.
"ಹಸಿವಾ?"
ನಾಗಪುರದ ಸ್ಟೇಷನ್ನಿನಲ್ಲಿ ಕೊಂಡಿದ್ದಳಂತೆ ಕಿತ್ತಳೆ;
ಕೊಡಗಿಗೆ ಕಿತ್ತಳೆ ತಂದ ಹೆಂಗಸು!
ಒಂದನ್ನು ಎಸೆದಳು. ಹಿಡಿದೆ.
ಇನ್ನೊಂದು ಎಸೆದಳು,
ಅಷ್ಟರಲ್ಲಿ ನಾನು ನೆಲ ಬಿಟ್ಟು ಅವಳನ್ನು ನೋಡುತ್ತಿದ್ದೆ.