ಐದು ನಿಮಿಷ

ಈ ವರ್ಷ ಗೋಪುರ ಕಾಯುವ ಸರದಿ ನನ್ನದು.
ಸಂಬಳವಿಲ್ಲ. ಹೋದ ವರ್ಷ ಇಗರ್ಜಿಯ ಗಂಟೆ ಹೊಡೆದೆ,
ಅದರ ಹಿಂದಿನ ವರ್ಷ ನೀರಿನ ಕಾಲುವೆ.
ವಹಾಕಾದ ಈ ಬೆಟ್ಟಕ್ಕೆ ದೊಡ್ಡ ಕಂಪನಿ ಬರಲೊಲ್ಲೆ ಅಂದಿತು:
ನೀವು ಲೆಕ್ಕಕ್ಕೆ ಸಾಲುವುದಿಲ್ಲ.
ನಾವೇ ಲೆಕ್ಕ ಹಾಕಿಕೊಂಡೆವು. ನೂರ ಎಂಬತ್ತು ಮನೆ,
ತಿಂಗಳಿಗೆ ನಲವತ್ತು ಪೇಸೊ,
ಬಿದಿರ ಗಳುವಿನ ತುದಿಗೊಂದು ಬೂದು ಪೆಟ್ಟಿಗೆ.
ಜೇಡ ಒಳಹೊಕ್ಕರೆ ಊರೇ ಮೂಕ.

ಒಂದು ಸಲಕ್ಕೆ ಏಳು ಮಾತು ಹೊರುತ್ತದೆ, ಎಂಟನೆಯದು ಕಾಯಬೇಕು.
ಅದಕ್ಕೇ ಸಭೆ ಕೈಯೆತ್ತಿ ತೀರ್ಮಾನಿಸಿತು:
ಕರೆಗೆ ಐದೇ ನಿಮಿಷ, ಆಮೇಲೆ ತಾನೇ ಕಡಿಯಲಿ.
ಜನ ಕಲಿತರು. ಜಗಳವನ್ನು ಕೊನೆಯಿಂದ ಶುರುಮಾಡುತ್ತಾರೆ.
ಜೋಳದ ಬೆಲೆ ಮೊದಲು, ಕ್ಷೇಮ ಆಮೇಲೆ.

ಫೆಬ್ರವರಿಯ ಆ ರಾತ್ರಿ
ಆಚೆ ಕಣಿವೆಯ ಸೂಲಗಿತ್ತಿ ಎಲ್ಯುತೇರಿಯಾ
ಒದಿಲೋನನ ಕಿವಿಯೊಳಗೆ ಕೂತು ಹೇಳುತ್ತಿದ್ದಳು:
ಕೈ ತೊಳೆ. ಎಳೆಯಬೇಡ. ಈಗಲೇ ಎಳೆಯಬೇಡವೋ

ಕಡಿಯಿತು.
ಮತ್ತೆ ಒತ್ತಿದರೆ ಏಳೂ ದಾರಿ ಭರ್ತಿ.
ಅವನ ತಮ್ಮ ಬಂದು ನನ್ನ ಬಾಗಿಲು ಬಡಿದ.
ಯಾರದೋ ಮಾತು ಕತ್ತರಿಸಿದೆ, ಯಾರದೆಂದು ನೋಡಲಿಲ್ಲ.
ನಿಮಿಷ ಎಣಿಸುವ ಸಾಲನ್ನೇ ಅಳಿಸಿದೆ.
ಐವತ್ತೆರಡು ನಿಮಿಷ.

ಭಾನುವಾರ ಸಭೆ ದಂಡ ಹಾಕಿತು: ಎಂಬತ್ತು ಪೇಸೊ.
ಹುಟ್ಟಿದ ಹುಡುಗಿ ಅಲ್ಲೇ ಅಳುತ್ತಿದ್ದಳು.
ಕತ್ತರಿಸಿದ್ದು ನನ್ನ ಮಾವನ ಕರೆಯಂತೆ;
ಮೊದಲು ಕೈಯೆತ್ತಿದವನೂ ಅವನೇ.
ಒದಿಲೋನ್ ದುಡ್ಡು ತಂದ. ಕಟ್ಟಳೆಗೆ ನನ್ನ ಸಹಿಯೂ ಇದೆ, ಬೇಡ ಅಂದೆ.

ನಿಯಮ ಈಗಲೂ ಐದೇ ನಿಮಿಷ.
ಆದರೆ ಒಂದು ಸಂಜೆ, ಗಳು ನೆಟ್ಟಗಿದೆಯೇ ನೋಡುವ ನೆಪದಲ್ಲಿ
ಅಧ್ಯಕ್ಷರು ಬಂದು, ಮುಖ ಮೇಲೆತ್ತಿಕೊಂಡೇ ಕೇಳಿದರು:
ಆ ಸಾಲು ಅಳಿಸುವುದು ಹೇಗೆಂದು
ಮುಂದಿನ ವರ್ಷದವನಿಗೂ ತೋರಿಸಿಕೊಡುತ್ತೀಯಲ್ಲ?