ದಾಬೋಳಿ ಬಾಡಿಗೆ

ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಜನರನ್ನು ಬಿಟ್ಟು ಬಂದೆನೋ,
ಲೆಕ್ಕ ಇಟ್ಟವನಲ್ಲ.
ಕುವೈತಿನವರು, ಹಡಗಿನವರು,
ಮದುವೆಯಾದ ಹದಿನೆಂಟನೇ ದಿನ
ಅರಿಸಿನ ಉಗುರಿನಲ್ಲೇ ಮಸ್ಕತ್ತಿಗೆ ಹೊರಟ ಒಬ್ಬ.
ಎಲ್ಲರಿಗೂ ಅವೇ ಮೂರು ಪ್ರಶ್ನೆ:
ಪಾಸ್‌ಪೋರ್ಟು ಕೈಚೀಲದಲ್ಲಿ ಇದೆಯಾ,
ನೀರು ಬೇಕಾ,
ಎಸಿ ಹಾಕಲಾ.
ಮಾಜಾಳಿ ಗೇಟು ದಾಟುವತನಕ
ಅಳುವವರು ಅಳಲಿ ಎಂದು ರೇಡಿಯೊ ಹಚ್ಚುತ್ತಿದ್ದೆ.

ಇವತ್ತು ನಸುಕಿನ ಮೂರಕ್ಕೆ
ನೀನು ಹಿಂದಿನ ಸೀಟಿನಲ್ಲಿ ಕೂತೆ.
ಮುಂದೆ ಬಾ, ಅಂದೆ.
'ಬ್ಯಾಗು ಜಾರ್ತದೆ, ಹಿಡ್ಕಂಡಿರ್ತೆ.'
ಮೀನು ತೂಗುವ ತಕ್ಕಡಿಯಲ್ಲೇ ತೂಗಿದ ಇಪ್ಪತ್ತಮೂರು ಕಿಲೋ,
ಎಲ್ಲಿಗೆ ಜಾರೀತು?
ಮಗಳನ್ನು ಎಬ್ಬಿಸಬೇಡ ಎಂದಿದ್ದೆ.
ಅವಳು ಎಚ್ಚರವಿದ್ದೇ ಮಲಗಿದ್ದಳು.

ಕಾಳಿ ಸೇತುವೆಯ ಮೇಲೆ ಗಾಜು ಇಳಿಸಿ
ನಾಣ್ಯ ಎಸೆದೆ.
ಗಾಳಿಗೆ ತಿರುಗಿ ಕಟ್ಟೆಗೆ ಬಡಿದ
ಟಿಣ್ ಸದ್ದು ನನಗೆ ಕೇಳಿಸಿತು.
'ನೀರಿಗೆ ಬಿತ್ತಲ್ಲ?'
ಬಿತ್ತು, ಅಂದೆ.

ಆ ಏಜೆಂಟ್ ಕೇಳಿದ್ದನಲ್ಲ, ಅನುಭವ ಎಷ್ಟು ವರ್ಷ ಅಂತ.
ಆರು, ಎಂದಿದ್ದೆ ನೀನು, ತಡಮಾಡದೆ.
ಆರು ವರ್ಷ ನನ್ನ ಅವ್ವನ ಮಗ್ಗುಲು ತಿರುಗಿಸಿದ್ದು,
ಗಂಜಿ ಕುಡಿಸಿ ಬಾಯಿ ಒರೆಸಿದ್ದು,
ಅವಳು ಬೈದದ್ದನ್ನು ಬೆಳಗಾಗುವುದರೊಳಗೆ ಮರೆತದ್ದು,
ಎಲ್ಲ ಒಂದು ಅಂಕೆಯಾಗಿ ಫಾರಮಿನಲ್ಲಿ ಕೂತಿತು.
ನಾನು ಪಕ್ಕದ ಕುರ್ಚಿಯಲ್ಲಿದ್ದೆ.
ಆ ಅಂಕೆಗೂ ಸಂಬಳ ಉಂಟು ಎಂದು
ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ, ಸುಗಂಧಾ.

ಪೋಳೆಂ ದಾಟಿ ಘಾಟಿ ಏರುವಾಗ ನೀನೇ ಮಾತಾಡಿದೆ.
ಅರ್ಗಾದಿಂದ ನಿಮ್ಮನ್ನು ಎಬ್ಬಿಸಿದ ದಿನ
ಲಾರಿಯಲ್ಲಿ ಒರಳುಕಲ್ಲಿನ ಮೇಲೆ ಕೂತು ಬಂದದ್ದು,
ತಿರುಗಿ ನೋಡಬೇಡ ಎಂದು ಅಪ್ಪ ಹೇಳಿದ್ದು,
ನೋಡಿದ್ದು.
'ಎಂತಾ ಕಂಡಿತ್ತು?' ಕೇಳಿದೆ.
'ಬಾವಿ. ಹಗ್ಗ ಬಿಟ್ಟೇ ಬಂದಿದ್ರು.'
ಆಮೇಲೆ ಕಾಣಕೋಣದವರೆಗೆ ಸುಮ್ಮನಿದ್ದೆ ನೀನು.

ಸೈಪ್ರಸ್ಸಿನಲ್ಲೂ ಸಮುದ್ರವಂತೆ.
ಮುದುಕಿಯ ಮನೆಯ ಕಿಟಕಿಯಿಂದ ಕಾಣುತ್ತದಂತೆ.
ಆದರೆ ಅಲ್ಲಿ ಉಬ್ಬರವೂ ಇಲ್ಲ, ಇಳಿತವೂ ಇಲ್ಲ,
ಇದ್ದರೂ ಗೇಣಿನಷ್ಟು,
ಎಂದು ಹಡಗಿನವನೊಬ್ಬ ಹೇಳಿದ್ದು ನಿನಗೆ ಹೇಳಲಿಲ್ಲ.
ಬೈತಖೋಲದ ದಕ್ಕೆಯಲ್ಲಿ ಕಲ್ಲು ಎಷ್ಟು ಒದ್ದೆ ಎಂದು ನೋಡಿಯೇ
ಗಂಟೆ ಹೇಳುವವಳು,
ಏರದ ಇಳಿಯದ ನೀರಿನ ಮುಂದೆ
ಹೊತ್ತು ಹೇಗೆ ಕಳೆಯುತ್ತೀ?

ಇಳಿಸುವಲ್ಲಿ ಗಾಡಿಗೆ ಕೆಲವೇ ನಿಮಿಷ ಪುಕ್ಕಟೆ.
ಬೇರೆಯವರ ವಿದಾಯವನ್ನೆಲ್ಲ
ಅಷ್ಟರಲ್ಲೇ ಮುಗಿಸಲು ಕಲಿಸಿದವ ನಾನು:
ಬ್ಯಾಗು ಇಳಿಸಿ, ತಳ್ಳುಗಾಡಿ ತಂದು, ಡಿಕ್ಕಿ ಬಡಿದು
'ಆಯ್ತು, ಹೊರಡಿ.'
ನೀನು ಮಾತ್ರ ಬ್ಯಾಗಿನ ಜಿಪ್ಪು ಬಿಚ್ಚಿದೆ.
ಮೂರು ಪದರ ಪ್ಲಾಸ್ಟಿಕ್ಕಿನ ಒಣಸಿಗಡಿ ತೆಗೆದು
ಸೀಟಿನ ಕೆಳಗೆ ತುರುಕಿದೆ.
'ಆ ಮುದುಕಿಗೆ ವಾಸನೆ ಆಗ್ದಿದ್ರೆ?'
ಒಯ್ಯಿ, ಏನೂ ಆಗಲ್ಲ, ಎನ್ನಬೇಕಿತ್ತು.
ಹಿಂದಿನ ಗಾಡಿಯವ ಹಾರ್ನು ಹೊಡೆದ.
'ಬತ್ತೆ,' ಅಂದೆ ನೀನು.
ನಾನು, ಪಾಸ್‌ಪೋರ್ಟು ಕೈಚೀಲದಲ್ಲಿ ಇದೆಯಾ, ಅಂದೆ.

ಖಾಲಿ ಬರಬಾರದೆಂದು
ದೋಹಾದಿಂದ ಇಳಿದ ಒಬ್ಬರನ್ನು ಹತ್ತಿಸಿಕೊಂಡೆ.
ಮಡಗಾಂವ್ ದಾಟುವ ಮೊದಲೇ ಮೂಗು ಮುಚ್ಚಿದರು.
ಗಾಜು ಇಳಿಸಿದೆ. ಸೀಟಿನ ಕೆಳಗೆ ಕೈ ಹಾಕಲಿಲ್ಲ.

ಸೇತುವೆಯ ಮೇಲೆ ಗಾಡಿ ನಿಲ್ಲಿಸಬಾರದು.
ನಿಲ್ಲಿಸಿದೆ.
'ಪಂಚರಾ?' ಕೇಳಿದರು.
ಹೌದು, ಎಂದು ಎದುರು ಬದಿಗೆ ದಾಟಿ
ಕಟ್ಟೆಯ ಬುಡದುದ್ದಕ್ಕೂ ಬಗ್ಗಿ ಹುಡುಕಿದೆ.
ಬೀಡಿಯ ತುಂಡು, ಬಾಟಲಿಯ ಮುಚ್ಚಳ, ಹೊಯ್ಗೆ.
ಕೆಳಗೆ ಇಳಿತ ಮುಗಿದು
ನೀರು ಆಗಷ್ಟೇ ಒಳಗೆ ತಿರುಗುತ್ತಿತ್ತು.
ನಾಣ್ಯ ಸಿಗಲಿಲ್ಲ.
ಹಾಗಾದರೆ ನೀರಿಗೇ ಬಿದ್ದಿರಬೇಕು.